ಹಿಮ ಬೀಳದ ಬಡಾವಣೆಗೆ ಕ್ರಿಸ್‌ಮಸ್ ಹಾಡುಗಳು

ಡಿಸೆಂಬರ್ ತಿಂಗಳ ಎರಡನೆಯ ವಾರ ಬಂತೆಂದರೆ ರಾಜಾಜಿನಗರ, ವಿಜಯನಗರದ ಫ್ಯಾನ್ಸಿ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗಾಡತೊಡಗುತ್ತವೆ. ಬೇಕರಿಯ ಗಾಜಿನ ಕಪಾಟಿನಲ್ಲಿ ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತುಗಳ ಪಕ್ಕಕ್ಕೆ ಪ್ಲಮ್ ಕೇಕು ಬಂದು ಕೂರುತ್ತದೆ. ಶಾಲೆಗಳಲ್ಲಂತೂ, ಅದನ್ನು ಯಾವ ಧರ್ಮದವರೇ ನಡೆಸುತ್ತಿರಲಿ, ಕೆಂಪು ಟೊಪ್ಪಿಗೆ ತೊಟ್ಟ ಯು.ಕೆ.ಜಿ. ಮಕ್ಕಳು ‘ಜಿಂಗಲ್ ಬೆಲ್ಸ್’ ಹಾಡಿಗೆ ಹೆಜ್ಜೆ ಹಾಕದೆ ವರ್ಷ ಮುಗಿಯುವುದಿಲ್ಲ. ಮಗು ಮನೆಗೆ ಬಂದು ಕೇಳುತ್ತದೆ: “ಅಪ್ಪಾ, ನಮ್ಮನೇಲಿ ಕ್ರಿಸ್‌ಮಸ್ ಹಾಡು ಯಾವುದಿದೆ?”

ಪ್ರಶ್ನೆ ಚಿಕ್ಕದು. ಉತ್ತರಿಸಲು ಹೊರಟ ತಂದೆ ತಾಯಿಗೆ ಮಾತ್ರ ತಲೆ ಸುತ್ತು ಬರುವಷ್ಟು ಹಾಡುಗಳಿವೆ. ಪಶ್ಚಿಮದ ದೇಶಗಳಲ್ಲಿ ವರ್ಷ ವರ್ಷವೂ ಹತ್ತಾರು ಹೊಸ ಕ್ರಿಸ್‌ಮಸ್ ಆಲ್ಬಂಗಳು ಹೊರಬರುತ್ತವೆ. ಹೆಸರು ಮಾಡಿದ ಗಾಯಕರಲ್ಲಿ ಒಂದಾದರೂ ಕ್ರಿಸ್‌ಮಸ್ ಆಲ್ಬಂ ಮಾಡದವರು ಕಡಿಮೆ. ಭಕ್ತಿಯೊಂದೇ ಇದಕ್ಕೆ ಕಾರಣವಲ್ಲ, ಲೆಕ್ಕಾಚಾರವೂ ಇದೆ. ಸಾಮಾನ್ಯ ಹಾಡು ಒಂದು ವರ್ಷ ಮೆರೆದು ಮರೆಯಾಗುತ್ತದೆ. ಕ್ರಿಸ್‌ಮಸ್ ಹಾಡು ಮಾವಿನ ಮರದ ಹಾಗೆ, ಕಾಲ ಬಂದಾಗ ಮತ್ತೆ ಫಲ ಕೊಡುತ್ತದೆ. ಮರಾಯಾ ಕ್ಯಾರಿ 1994ರಲ್ಲಿ ಹಾಡಿದ ‘ಆಲ್ ಐ ವಾಂಟ್ ಫಾರ್ ಕ್ರಿಸ್‌ಮಸ್ ಈಸ್ ಯು’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ್ದು 2019ರಲ್ಲಿ, ಅಂದರೆ ಹುಟ್ಟಿದ 25 ವರ್ಷಗಳ ನಂತರ! ಇಂಥ ಫಸಲನ್ನು ಯಾವ ಕಂಪನಿ ತಾನೇ ಬಿಟ್ಟೀತು?

ಆದ್ದರಿಂದ ರಜೆಯ ದಿನಗಳಿಗೆಂದು ಹಾಡುಗಳನ್ನು ಕೂಡಿಸಿಡುವವರು ಸ್ವಲ್ಪ ಜರಡಿ ಹಿಡಿಯಬೇಕಾಗುತ್ತದೆ.

ಹೊಸಬರ ಪೈಕಿ

ಈಚಿನ ಆಲ್ಬಂಗಳಲ್ಲಿ ಮೊದಲು ಕೇಳಬೇಕಾದದ್ದು ನೋರಾ ಜೋನ್ಸ್ ಅವರ ‘ಐ ಡ್ರೀಮ್ ಆಫ್ ಕ್ರಿಸ್‌ಮಸ್’ (2021). ಈಕೆ ಸಿತಾರ್ ಮಾಂತ್ರಿಕ ಪಂಡಿತ್ ರವಿಶಂಕರ್ ಅವರ ಮಗಳು. ಬೆಳೆದದ್ದು ಅಮೆರಿಕದಲ್ಲಿ, ತಾಯಿಯ ಬಳಿ. 2020ರ ಲಾಕ್‌ಡೌನ್ ಕಾಲದಲ್ಲಿ ಮನಸ್ಸಿನ ಸಮಾಧಾನಕ್ಕೆಂದು ಎಲ್ವಿಸ್ ಪ್ರೀಸ್ಲಿ ಮತ್ತು ಜೇಮ್ಸ್ ಬ್ರೌನರ ಹಳೆಯ ಕ್ರಿಸ್‌ಮಸ್ ಹಾಡುಗಳನ್ನು ಕೇಳುತ್ತ ಕೇಳುತ್ತ ತಾನೇ ಒಂದು ಆಲ್ಬಂ ಮಾಡುವ ಮನಸ್ಸಾಯಿತಂತೆ. ಹಳೆಯ ಹಾಡುಗಳ ಜೊತೆಗೆ ತಾವೇ ಬರೆದ ಹೊಸ ಹಾಡುಗಳನ್ನೂ ಸೇರಿಸಿದ್ದಾರೆ. ಪಿಯಾನೋದ ಮೆದು ಸ್ಪರ್ಶ, ಗಂಟಲು ಬಿಗಿಯದ ಹಾಡುಗಾರಿಕೆ. ಸಂಜೆ ಮಕ್ಕಳು ಓದಲು ಕುಳಿತಾಗ ಪಕ್ಕದ ಕೋಣೆಯಲ್ಲಿ ಹಾಕಿದರೂ ತೊಂದರೆಯಾಗದು. ಅದೇ ಇದರ ಕೊರತೆಯೂ ಹೌದು. ಒಂದೇ ಹದದ ಹಾಡುಗಳು ಸಾಲಾಗಿ ಬಂದು ಏಳೆಂಟನೆಯದರ ಹೊತ್ತಿಗೆ ಕಿವಿ ತೂಕಡಿಸುತ್ತದೆ.

ಇಟಲಿಯ ಆಂದ್ರೆಯಾ ಬೊಚೆಲ್ಲಿ 2022ರಲ್ಲಿ ಮಗ ಮತ್ತು ಮಗಳ ಜೊತೆಗೂಡಿ ಹಾಡಿದ ‘ಎ ಫ್ಯಾಮಿಲಿ ಕ್ರಿಸ್‌ಮಸ್’ ಇನ್ನೊಂದು ಬಗೆಯದು. ಹನ್ನೆರಡನೆಯ ವಯಸ್ಸಿಗೇ ಪೂರ್ತಿ ದೃಷ್ಟಿ ಕಳೆದುಕೊಂಡ ಬೊಚೆಲ್ಲಿಯ ಕಂಠ ಎಷ್ಟು ತುಂಬಿದ್ದು ಎಂಬುದನ್ನು ಹೊಸದಾಗಿ ಹೇಳಬೇಕಿಲ್ಲ. ಪುಟ್ಟ ಮಗಳು ವರ್ಜೀನಿಯಾಳ ದನಿ ಆ ಕಂಠದ ಪಕ್ಕದಲ್ಲಿ ಎಳೆ ಚಿಗುರಿನಂತೆ ಕೇಳಿಸುತ್ತದೆ. ವಾದ್ಯಗೋಷ್ಠಿ ಮಾತ್ರ ಕೆಲವು ಕಡೆ ಮದುವೆ ಮನೆಯ ವಾಲಗದಂತೆ ಎಲ್ಲರ ಮಾತನ್ನೂ ಮುಚ್ಚಿಹಾಕುತ್ತದೆ. ತಂದೆ ಮಕ್ಕಳು ಒಟ್ಟಿಗೆ ಹಾಡುವಾಗ ಅಷ್ಟು ಪಿಟೀಲುಗಳು ಏಕೆ ಬೇಕಿತ್ತೋ!

2023ರಲ್ಲಿ, ತಮ್ಮ 77ನೆಯ ವಯಸ್ಸಿನಲ್ಲಿ, ಶೇರ್ ‘ಕ್ರಿಸ್‌ಮಸ್’ ಎಂಬ ಆಲ್ಬಂ ತಂದರು. ಇದು ಕುಣಿಯುವವರಿಗೆ. ಸಂಗ್ರಹದಲ್ಲಿ ಇಡಲೇಬೇಕೆಂದೇನೂ ಇಲ್ಲ. ಆದರೆ ವಿಜ್ಞಾನ ಓದುವ ಮಕ್ಕಳು ಇದರ ‘ಡೀಜೆ ಪ್ಲೇ ಎ ಕ್ರಿಸ್‌ಮಸ್ ಸಾಂಗ್’ ಅನ್ನು ಒಮ್ಮೆ ಗಮನವಿಟ್ಟು ಕೇಳಬೇಕು. ಕೆಲವು ಕಡೆ ದನಿ ಮನುಷ್ಯರದೋ ಯಂತ್ರದ್ದೋ ಎಂಬ ಅನುಮಾನ ಬರುವ ಹಾಗಿದೆ. ಸ್ವರ ಜಾರುತ್ತ ಹೋಗುವ ಬದಲು ಮೆಟ್ಟಿಲು ಹತ್ತಿದಂತೆ ಥಟ್ಟನೆ ಜಿಗಿಯುವುದು ‘ಆಟೋ-ಟ್ಯೂನ್’ ತಂತ್ರಾಂಶದ ಗುರುತು. 1998ರಲ್ಲಿ ಇದೇ ಗಾಯಕಿಯ ‘ಬಿಲೀವ್’ ಹಾಡಿನಿಂದಲೇ ಅದು ಜಗತ್ತಿಗೆಲ್ಲ ಪರಿಚಯವಾಯಿತು. ಅದನ್ನು 1997ರಲ್ಲಿ ಮಾರುಕಟ್ಟೆಗೆ ತಂದ ಆ್ಯಂಡಿ ಹಿಲ್ಡೆಬ್ರಾಂಡ್ ಮೊದಲು ತೈಲ ಶೋಧನೆಯ ಕೆಲಸದಲ್ಲಿದ್ದವರು. ನೆಲದೊಳಕ್ಕೆ ಧ್ವನಿ ತರಂಗ ಕಳಿಸಿ, ಪದರಗಳಿಗೆ ಬಡಿದು ಮರಳಿದ ಅಲೆಗಳನ್ನು ಗಣಿತದಿಂದ ಬಿಡಿಸಿ, ಎಣ್ಣೆ ಎಲ್ಲಿದ್ದೀತೆಂದು ಅಂದಾಜು ಮಾಡುವ ಕೆಲಸ. ಅಂಥದೇ ಗಣಿತದಿಂದ ಹಾಡುಗಾರರ ಸ್ವರ ಎಲ್ಲಿದೆ, ಎಲ್ಲಿರಬೇಕು ಎಂದು ಕಂಡುಹಿಡಿಯಬಹುದೆಂದು ಅವರಿಗೆ ಹೊಳೆಯಿತು. ಈಗ ಅಪಸ್ವರ ಸರಿಪಡಿಸುವ ಈ ಉಪಾಯವನ್ನು ಬಳಸದ ಆಲ್ಬಂ ಹುಡುಕುವುದೇ ಕಷ್ಟ. ಶೇರ್ ಅದನ್ನು ಮುಚ್ಚಿಡದೆ ಕಿವಿಗೆ ಬೀಳುವಂತೆ ಬಳಸಿದರು, ಅಷ್ಟೇ ವ್ಯತ್ಯಾಸ.

ಯಂತ್ರದ ಮಾತು ಸಾಕೆನಿಸಿದವರಿಗೆ ಪೆಂಟಟಾನಿಕ್ಸ್ ಇದೆ. ಇದು ಐದು ಜನರ ಗುಂಪು. ವಾದ್ಯಗಳಿಲ್ಲ, ತಾಳವೂ ಬಾಯಿಂದಲೇ. ನಮ್ಮ ಕೊನ್ನಕ್ಕೋಲು ಕೇಳಿ ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲದಿದ್ದರೂ ಶಾಲೆಯ ಗಾಯನ ತಂಡಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಅವರ ಕ್ರಿಸ್‌ಮಸ್ ಆಲ್ಬಂಗಳು ಹಲವು ಬಂದಿವೆ. ಒಂದೇ ಸಾಕೆಂದರೆ 2014ರ ‘ದಟ್ಸ್ ಕ್ರಿಸ್‌ಮಸ್ ಟು ಮಿ’ ಆರಿಸಿಕೊಳ್ಳಬಹುದು. ನಮ್ಮ ದೇಶದ್ದೇ ಬೇಕೆನ್ನುವವರು ಶಿಲ್ಲಾಂಗ್ ಛೇಂಬರ್ ಕಾಯರ್‌ನ ‘ಕಮ್ ಹೋಮ್ ಕ್ರಿಸ್‌ಮಸ್’ (2020) ಹುಡುಕಲಿ. ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಹಾಡಿದ್ದಾರೆ. ತಂಡವನ್ನು ಕಟ್ಟಿದ ನೀಲ್ ನಾಂಗ್‌ಕಿನ್‌ರಿ 2022ರ ಜನವರಿಯಲ್ಲಿ ತೀರಿಕೊಂಡರು.

ಸೆಕೆಯಲ್ಲಿ ಹುಟ್ಟಿದ ಹಿಮ

ಇನ್ನು ಹಳಬರು. ಕ್ರೈಸ್ತ ಮನೆಗಳಲ್ಲಿ ಡಿಸೆಂಬರ್ ಎಂದರೆ ಜಿಮ್ ರೀವ್ಸ್. 1963ರಲ್ಲಿ ಬಂದ ಅವರ ‘ಟ್ವೆಲ್ವ್ ಸಾಂಗ್ಸ್ ಆಫ್ ಕ್ರಿಸ್‌ಮಸ್’ ಅನ್ನು ಅಜ್ಜಂದಿರು ರೆಕಾರ್ಡ್ ಪ್ಲೇಯರಿನಲ್ಲಿ ಕೇಳಿದರು, ಅಪ್ಪಂದಿರು ಕ್ಯಾಸೆಟ್ಟಿನಲ್ಲಿ ಕೇಳಿದರು, ಮೊಮ್ಮಕ್ಕಳು ಮೊಬೈಲಿನಲ್ಲಿ ಕೇಳುತ್ತಿದ್ದಾರೆ. ಆ ಆಲ್ಬಂ ಬಂದ ಮರುವರ್ಷವೇ, 1964ರ ಜುಲೈ 31ರಂದು, ವಿಮಾನ ಅಪಘಾತದಲ್ಲಿ ರೀವ್ಸ್ ಮಡಿದರು. ಮೈಕಿಗೆ ಬಾಯಿ ತಾಗಿಸಿದಷ್ಟು ಹತ್ತಿರ ನಿಂತು, ಮೆಲುದನಿಯಲ್ಲಿ ಮಾತಾಡಿದಂತೆ ಹಾಡುವುದು ಅವರ ರೀತಿ. ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ಪದಗಳು ಒಂದೊಂದಾಗಿ ಬಿಡಿಸಿ ಕೇಳುತ್ತವೆ. ಬೋನಿ ಎಂ ತಂಡದ 1981ರ ‘ಕ್ರಿಸ್‌ಮಸ್ ಆಲ್ಬಂ’ ಇನ್ನೊಂದು ಬಿಡಲಾಗದ್ದು. ಅದರ ಹೆಸರಾಂತ ‘ಮೇರೀಸ್ ಬಾಯ್ ಚೈಲ್ಡ್’ ಹಾಡನ್ನು ಬರೆದವರು ಜೆಸ್ಟರ್ ಹೇರ್‌ಸ್ಟನ್; 1956ರಲ್ಲೇ ಹ್ಯಾರಿ ಬೆಲಫಾಂಟೆ ಹಾಡಿದ್ದರು.

ಮಕ್ಕಳು ಕೇಳುವ ಒಂದು ಪ್ರಶ್ನೆಗೆ ಇಲ್ಲಿ ಉತ್ತರ ಕೊಡಬೇಕು. ಬೆಂಗಳೂರಿನಲ್ಲಿ ಹಿಮವೇ ಇಲ್ಲ, ನಾವೇಕೆ ಹಿಮದ ಹಾಡು ಹಾಡಬೇಕು? ನ್ಯಾಯವಾದ ಪ್ರಶ್ನೆ. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿ 13ರಂದು. ಹಿಮ ಬೀಳುವ ಮಾತೇ ಇಲ್ಲ. ಆದರೆ ಆ ಹಾಡುಗಳನ್ನು ಬರೆದವರ ಕಥೆಯೂ ಹೀಗೇ ಇದೆ. ನ್ಯಾಟ್ ಕಿಂಗ್ ಕೋಲ್ 1946ರಲ್ಲಿ ಹಾಡಿ ಜನಪ್ರಿಯಗೊಳಿಸಿದ ‘ದಿ ಕ್ರಿಸ್‌ಮಸ್ ಸಾಂಗ್’ ಹುಟ್ಟಿದ್ದು ಹಿಂದಿನ ವರ್ಷದ ಬೇಸಿಗೆಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಬಾಬ್ ವೆಲ್ಸ್ ಸೆಕೆ ತಾಳಲಾರದೆ, ಚಳಿಯನ್ನು ನೆನೆಸಿಕೊಂಡಾದರೂ ಮೈ ತಣ್ಣಗಾಗಲಿ ಎಂದು ನಾಲ್ಕು ಸಾಲು ಗೀಚಿದ್ದರು. ಗೆಳೆಯ ಮೆಲ್ ಟಾರ್ಮೆ ಅದನ್ನು ನೋಡಿ ಹಾಡಾಗಿ ಬೆಳೆಸಲು ಕೈ ಹಚ್ಚಿದರು. ಹಿಮದ ಬಂಡಿಯ ಸವಾರಿಯನ್ನು ಕಣ್ಣಿಗೆ ಕಟ್ಟಿಸುವ ‘ಸ್ಲೇ ರೈಡ್’ ಅನ್ನು ಲೆರಾಯ್ ಆ್ಯಂಡರ್ಸನ್ ಯೋಚಿಸಿದ್ದೂ 1946ರ ಬೇಸಿಗೆಯ ಬಿಸಿಗಾಳಿಯಲ್ಲೇ. ‘ವೈಟ್ ಕ್ರಿಸ್‌ಮಸ್’ ಬರೆದ ಅರ್ವಿಂಗ್ ಬರ್ಲಿನ್ ಅಂತೂ ಯಹೂದಿ ಮನೆತನದವರು, ರಷ್ಯಾದಿಂದ ವಲಸೆ ಬಂದವರು. ಹಿಮದ ಹಾಡು ಹಾಡಲು ಹಿಮ ಇರಲೇಬೇಕೆಂಬ ನಿಯಮವಿಲ್ಲ, ಅಷ್ಟು ಮಾತ್ರ ನಿಜ.

‘ವೈಟ್ ಕ್ರಿಸ್‌ಮಸ್’ನದು ಇನ್ನೂ ಒಂದು ಸ್ವಾರಸ್ಯ. ಬಿಂಗ್ ಕ್ರಾಸ್ಬಿ ಅದನ್ನು ಮುದ್ರಿಸಿದ್ದು 1942ರಲ್ಲಿ. ಬೇಡಿಕೆ ಎಷ್ಟಿತ್ತೆಂದರೆ, ತಟ್ಟೆ ಒತ್ತಲು ಬಳಸುವ ಮೂಲ ಅಚ್ಚೇ ಸವೆದುಹೋಯಿತು. 1947ರ ಮಾರ್ಚಿಯಲ್ಲಿ ಕ್ರಾಸ್ಬಿಯನ್ನು ಮತ್ತೆ ಕರೆಸಿ, ಮೊದಲಿನಂತೆಯೇ ಹಾಡಿಸಿದರು. ಈಗ ಸಾಮಾನ್ಯವಾಗಿ ಎಲ್ಲರೂ ಕೇಳುವುದು ಆ ಎರಡನೆಯ ಮುದ್ರಣವನ್ನೇ.

‘ಜಿಂಗಲ್ ಬೆಲ್ಸ್’ಗೂ ಕ್ರಿಸ್‌ಮಸ್‌ಗೂ ಹುಟ್ಟಿನಿಂದ ಸಂಬಂಧವಿಲ್ಲ. ಜೇಮ್ಸ್ ಪಿಯರ್‌ಪಾಂಟ್ 1857ರಲ್ಲಿ ಬೇರೆ ಹೆಸರಿನಲ್ಲಿ ಪ್ರಕಟಿಸಿದ ಆ ಹಾಡಿನಲ್ಲಿ ಇರುವುದು ಒಂಟಿ ಕುದುರೆಯ ಜಾರುಬಂಡಿ, ಅಷ್ಟೇ. ಆದರೂ ಅದಕ್ಕೆ ಸಿಕ್ಕ ಮರ್ಯಾದೆ ಬೇರೆ ಯಾವ ಹಾಡಿಗೂ ಸಿಕ್ಕಿಲ್ಲ. 1965ರ ಡಿಸೆಂಬರ್ 16ರಂದು ಜೆಮಿನಿ-6 ನೌಕೆಯಲ್ಲಿದ್ದ ವಾಲಿ ಶಿರಾ ಮತ್ತು ಟಾಮ್ ಸ್ಟಾಫರ್ಡ್ ಮೊದಲು ಯಾವುದೋ ವಿಚಿತ್ರ ವಸ್ತು ಕಾಣುತ್ತಿದೆ ಎಂದು ಭೂಮಿಗೆ ವರದಿ ಮಾಡಿ ಗಾಬರಿ ಹುಟ್ಟಿಸಿ, ಆಮೇಲೆ ಕದ್ದೊಯ್ದಿದ್ದ ಮೌತ್ ಆರ್ಗನ್ ಮತ್ತು ಪುಟ್ಟ ಗೆಜ್ಜೆಗಳಲ್ಲಿ ಈ ಹಾಡು ನುಡಿಸಿದರು. ಅಂತರಿಕ್ಷದಲ್ಲಿ ನುಡಿಸಿದ ಮೊದಲ ಸಂಗೀತ ಎಂದು ಅದು ದಾಖಲಾಗಿದೆ.

ಬಲ ಹೋಗಿ ಬಾಲ ಬಂತು!

ಇಷ್ಟೆಲ್ಲ ಕೂಡಿಸಿದ ಮೇಲೂ ಸಂಗ್ರಹದಲ್ಲಿ ಒಂದು ಖಾಲಿ ಜಾಗ ಉಳಿಯುತ್ತದೆ: ಕನ್ನಡದ ಹಾಡು. ವಿಜಯನಗರದ ಶಾಲೆಯೊಂದರಲ್ಲಿ ಕನ್ನಡ ಕ್ಯಾರಲ್ ಹಾಡಿಸಬೇಕೆಂದು ಟೀಚರಮ್ಮ ಮನಸ್ಸು ಮಾಡಿದರೂ, ಮಕ್ಕಳಿಗೆ ಕೇಳಿಸಲು ಒಳ್ಳೆಯ ಮುದ್ರಣ ಸುಲಭವಾಗಿ ಸಿಗುವುದಿಲ್ಲ. ಹಾಡು ಇಲ್ಲವೆಂದಲ್ಲ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು, 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ಚರ್ಚು ಇವೆಲ್ಲ ಕನ್ನಡ ಸಭೆಗಳ ನೆಲೆಗಳೇ. ಕನ್ನಡದಲ್ಲಿ ಕ್ರಿಸ್ತಗೀತೆಗಳಿಗೆ ಒಂದೂವರೆ ಶತಮಾನಕ್ಕೂ ಮೀರಿದ ಚರಿತ್ರೆಯಿದೆ.

ಆ ಚರಿತ್ರೆಯಲ್ಲಿ ನಮಗೆಲ್ಲ ಗೊತ್ತಿರುವ ಹೆಸರೊಂದಿದೆ. ನಿಘಂಟಿನ ಕಿಟ್ಟೆಲ್! ಜರ್ಮನಿಯ ಫರ್ಡಿನೆಂಡ್ ಕಿಟ್ಟೆಲ್ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಇಲ್ಲಿಗೆ ಬಂದರು. 1894ರಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಎಲ್ಲರಿಗೂ ಗೊತ್ತು. ಅದಕ್ಕೂ ಮೂರು ದಶಕ ಹಿಂದೆ, 1862ರಲ್ಲಿ, ಯೇಸುವಿನ ಜೀವನವನ್ನು ದೇಶೀಯ ಪದ್ಯಬಂಧದಲ್ಲಿ ಹಾಡಿದ ‘ಕಥಾಮಾಲೆ’ಯನ್ನು ಅವರು ರಚಿಸಿದ್ದು ಅಷ್ಟಾಗಿ ಪ್ರಚಾರದಲ್ಲಿಲ್ಲ. ತಮ್ಮ ತಾಯ್ನುಡಿಯ ರಾಗಗಳು ನಾಲಗೆಯ ತುದಿಯಲ್ಲೇ ಇದ್ದರೂ ಅವರು ಕನ್ನಡದ ಛಂದಸ್ಸನ್ನು ಕೈಗೆತ್ತಿಕೊಂಡರು. ಮುಂದೆ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಪ್ರಕಟಿಸಿದರು. ಈ ಹಟಕ್ಕೆ ಕಾರಣವೇನು ಎಂಬುದು ಹತ್ತನೆಯ ತರಗತಿಯ ವಿದ್ಯಾರ್ಥಿಗೂ ಅರ್ಥವಾಗುವಂಥದು.

ಕನ್ನಡದಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಹ್ರಸ್ವ ದೀರ್ಘವಾದರೆ ಪದದ ಅರ್ಥವೇ ಬದಲಾಗುತ್ತದೆ. ಇಂಗ್ಲಿಷ್, ಜರ್ಮನ್ ಪದ್ಯಗಳು ನಡೆಯುವುದು ಒತ್ತಿನ ಮೇಲೆ. ಒತ್ತಿರುವ ಅಕ್ಷರವನ್ನು ರಾಗ ಎಷ್ಟು ಬೇಕಾದರೂ ಎಳೆಯಬಹುದು. ಈಗ ‘ಸೈಲೆಂಟ್ ನೈಟ್’ ರಾಗವನ್ನು ನೆನೆಸಿಕೊಳ್ಳಿ. ಮೊದಲ ಅಕ್ಷರವನ್ನೇ ಎಳೆದು ಹಾಡಬೇಕು. ಆ ಜಾಗಕ್ಕೆ ‘ಬಲ’ ಎಂಬ ಪದ ತಂದಿಟ್ಟರೆ ಹಾಡುವಾಗ ಅದು ‘ಬಾಲ’ ಆಗುತ್ತದೆ! ‘ಹಸು’ ಹೋಗಿ ‘ಹಾಸು’ ಆಗುತ್ತದೆ. ‘ಕಡು’ ಎಂದದ್ದು ‘ಕಾಡು’ ಎಂದು ಕೇಳಿಸುತ್ತದೆ. ಗೋದಲಿಯ ಹಸು ಹಾಸಿಗೆಯಾದರೆ ಮಕ್ಕಳು ನಗದೆ ಇರುತ್ತಾರೆಯೇ? ಪಶ್ಚಿಮದ ರಾಗಕ್ಕೆ ಕನ್ನಡ ಹಾಡು ಬರೆಯುವವರು ಎಳೆಯುವ ಜಾಗಕ್ಕೆ ಗುರುವನ್ನೇ ಹುಡುಕಿ ತರಬೇಕು. ಹಳೆಯ ಅನುವಾದಕರಲ್ಲಿ ಒಳ್ಳೆಯವರು ಆ ಶ್ರಮ ಪಟ್ಟಿದ್ದಾರೆ; ಅವಸರದವರು ಪಟ್ಟಿಲ್ಲ. ಇನ್ನೊಂದು ದಾರಿಯೆಂದರೆ ನಮ್ಮ ಕೀರ್ತನೆ, ಜನಪದ ಗೀತೆಗಳ ಧಾಟಿಯನ್ನೇ ಹಿಡಿಯುವುದು. ಎರಡೂ ಬಗೆಯ ಹಾಡುಗಳು ಕನ್ನಡ ಸಭೆಗಳಲ್ಲಿವೆ. ಎರಡನೆಯ ವ್ಯಾಟಿಕನ್ ಮಹಾಸಭೆ (1962-65) ಪೂಜೆಯಲ್ಲಿ ಲ್ಯಾಟಿನ್ ಬದಲು ಜನರ ಭಾಷೆಗೆ ಬಾಗಿಲು ತೆರೆದ ಮೇಲೆ ಕಥೋಲಿಕ ಚರ್ಚುಗಳಲ್ಲೂ ಕನ್ನಡ ಹಾಡುಗಳ ಬೆಳೆ ಹುಲುಸಾಯಿತು.

ಕ್ಯಾಸೆಟ್ ಯುಗದಲ್ಲಿ ಈ ಹಾಡುಗಳಿಗೆ ಒಂದು ಒಳ್ಳೆಯ ಕಾಲ ಬಂದಿತ್ತು. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟು ಭಾವಗೀತೆಯನ್ನು ಮನೆ ಮನೆಗೆ ಒಯ್ದ ಹಾಗೆಯೇ, ನಂತರದ ವರ್ಷಗಳಲ್ಲಿ ಭಕ್ತಿಗೀತೆಗಳ ಸಾಲಿನಲ್ಲಿ ಯೇಸುವಿನ ಹಾಡುಗಳ ಕ್ಯಾಸೆಟ್ಟುಗಳೂ ಬಂದವು. ಸಿನಿಮಾದ ಹಿನ್ನೆಲೆ ಗಾಯಕರೇ ಅವುಗಳಲ್ಲಿ ಹಾಡಿದರು. ಅವೆಲ್ಲವೂ ಸಿ.ಡಿ.ಗೆ ವರ್ಗವಾಗಲಿಲ್ಲ. ಎಷ್ಟೋ ಕ್ಯಾಸೆಟ್ಟುಗಳು ಇಂದು ಅಟ್ಟದ ಮೇಲೆ, ಹಳೆಯ ಪಠ್ಯಪುಸ್ತಕಗಳ ಜೊತೆ ದೂಳು ತಿನ್ನುತ್ತಿವೆ.

ಈಗ ಪ್ರತಿ ಡಿಸೆಂಬರಿನಲ್ಲೂ ಚರ್ಚುಗಳ ಗಾಯನ ವೃಂದಗಳು, ಹವ್ಯಾಸಿ ತಂಡಗಳು ಹೊಸ ಕನ್ನಡ ಹಾಡುಗಳನ್ನು ಯೂಟ್ಯೂಬಿಗೆ ಏರಿಸುತ್ತಿವೆ. ಉತ್ಸಾಹ ಮೆಚ್ಚತಕ್ಕದ್ದು. ಆದರೆ ಬಹುಪಾಲು ಹಾಡುಗಳು ಒಂದರಂತೆ ಒಂದು ಕೇಳಿಸುತ್ತವೆ ಎಂಬ ದೂರು ಸುಳ್ಳಲ್ಲ. ಕೀಬೋರ್ಡಿನಲ್ಲಿ ಸಿದ್ಧವಾಗಿ ಸಿಗುವ ಅದೇ ತಾಳ, ಅದೇ ಗಂಟೆಯ ನಾದ. ಮೇಲೆ ಧಾರಾಳವಾಗಿ ಸುರಿದ ಪ್ರತಿಧ್ವನಿ. ಈ ಕೊನೆಯದೇ ದೊಡ್ಡ ಅಪಾಯ. ಎತ್ತರದ ಚಾವಣಿಯ, ಕಲ್ಲಿನ ಗೋಡೆಯ ದೊಡ್ಡ ಚರ್ಚಿನಲ್ಲಿ ಒಮ್ಮೆ ಎಬ್ಬಿಸಿದ ಸದ್ದು ಅಡಗಲು ಎರಡು ಮೂರು ಸೆಕೆಂಡು ಬೇಕಾಗಬಹುದು. ಹಾಸಿಗೆ, ಪರದೆ, ಬಟ್ಟೆ ತುಂಬಿದ ಮನೆಯ ಕೋಣೆಯಲ್ಲಿ ಅದು ಅರೆಕ್ಷಣದಲ್ಲಿ ಅಡಗುತ್ತದೆ. ಜಾಗದ ಗಾತ್ರ ಮತ್ತು ಸದ್ದು ಹೀರುವ ವಸ್ತುಗಳ ಲೆಕ್ಕ ಹಿಡಿದು ಈ ಕಾಲವನ್ನು ಅಳೆಯುವ ಸೂತ್ರವನ್ನು ಕಂಡುಕೊಟ್ಟವರು ಅಮೆರಿಕದ ವ್ಯಾಲೇಸ್ ಸಬೀನ್. ನಿಧಾನವಾಗಿ, ಸ್ವರ ನಿಲ್ಲಿಸಿ ಹಾಡುವ ಸ್ತೋತ್ರಕ್ಕೆ ದೀರ್ಘ ಪ್ರತಿಧ್ವನಿ ಭೂಷಣ. ಲಘುಗಳು ಸಾಲುಗಟ್ಟಿ ಓಡುವ ಕನ್ನಡದ ಸಾಲಿಗೆ ಅದೇ ಪ್ರತಿಧ್ವನಿ ಬೆರೆಸಿದರೆ ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ತಲೆಯ ಮೇಲೆ ಬೀಳುತ್ತದೆ, ಪದವೇ ತಿಳಿಯುವುದಿಲ್ಲ. ಪದ ತಿಳಿಯದ ಹಾಡನ್ನು ಮಗು ಕಲಿಯುವುದು ಹೇಗೆ?

ಜರಡಿ ಹಿಡಿಯಲು ಒಂದು ಸುಲಭ ಪರೀಕ್ಷೆ ಇದೆ. ಕನ್ನಡದ ಹೊಸ ಹಾಡನ್ನು ಮೊಬೈಲಿನಲ್ಲಿ ಒಂದೇ ಸಲ ಹಾಕಿ, ಮಗುವಿಗೆ ಮೊದಲ ನಾಲ್ಕು ಸಾಲು ಬರೆಯಲು ಹೇಳಬೇಕು. ಮೂರು ಸಾಲಾದರೂ ಸರಿಯಾಗಿ ಬಂದರೆ ಆ ಹಾಡು ಸಂಗ್ರಹಕ್ಕೆ ಯೋಗ್ಯ. ಚಿತ್ರೀಕರಣ ಎಷ್ಟು ಚಂದವಿದ್ದರೇನು!

ಕೂಡಿಟ್ಟದ್ದು ಉಳಿಯಲು

ತಿಂಗಳ ಬಾಡಿಗೆ ಕೊಟ್ಟು ಆ್ಯಪಿನಲ್ಲಿ ಕೇಳುವ ಹಾಡು ಬಾಡಿಗೆ ಮನೆಯಿದ್ದಂತೆ. ಬಾಡಿಗೆ ನಿಲ್ಲಿಸಿದ ದಿನ ಇಳಿಸಿಕೊಂಡ ಹಾಡುಗಳೂ ಕೈ ಬಿಡುತ್ತವೆ. ಆದ್ದರಿಂದ ತೀರ ಮೆಚ್ಚಿದ ನಾಲ್ಕಾರು ಆಲ್ಬಂಗಳನ್ನಾದರೂ ಹಣ ಕೊಟ್ಟು ಸ್ವಂತಕ್ಕೆ ಪಡೆದು, ಎರಡು ಕಡೆ ಪ್ರತಿ ಇಡುವುದು ಲೇಸು. ಇಯರ್‌ಫೋನ್ ಹಾಕಿಕೊಂಡು ರಜೆಯಿಡೀ ಕೇಳುವ ಮಕ್ಕಳ ವಿಷಯದಲ್ಲಿ ಒಂದು ಲೆಕ್ಕ ನೆನಪಿಡಬೇಕು. ಮಕ್ಕಳು 75 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆಯವರೆಗೆ ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಡೆಸಿಬೆಲ್ ಮೂರು ಏರಿದರೆ ಧ್ವನಿಯ ಶಕ್ತಿ ಇಮ್ಮಡಿ, ಕೇಳಬಹುದಾದ ಅವಧಿ ಅರ್ಧ. 78ಕ್ಕೆ 20 ಗಂಟೆ, 81ಕ್ಕೆ 10 ಗಂಟೆ. ಮುಂದಿನದನ್ನು ಮಕ್ಕಳೇ ಲೆಕ್ಕ ಹಾಕಲಿ.

ಅಟ್ಟದ ಮೇಲಿನ ಕ್ಯಾಸೆಟ್ಟುಗಳನ್ನು ಕೆಳಗಿಳಿಸಲು ರಜೆಗಿಂತ ಒಳ್ಳೆಯ ಸಮಯವಿಲ್ಲ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಒಂದು ಮಗ್ಗುಲಿಗೆ ಅರ್ಧ ಗಂಟೆ ಎಂದರೆ ಸುಮಾರು 86 ಮೀಟರ್ ಉದ್ದ. ಅಷ್ಟನ್ನೂ ಸುರುಳಿ ಸುತ್ತಿ ವರ್ಷಗಟ್ಟಲೆ ಇಟ್ಟಾಗ ಒಂದು ಸುತ್ತಿನ ಕಾಂತೀಯ ಅಚ್ಚು ಪಕ್ಕದ ಸುತ್ತಿಗೆ ಮೆಲ್ಲಗೆ ಇಳಿಯುತ್ತದೆ. ಹಾಡು ಶುರುವಾಗುವ ಮೊದಲೇ ಅದರ ಮೊದಲ ಸಾಲು ದೂರದಲ್ಲೆಲ್ಲೋ ಪಿಸುಗುಟ್ಟಿದಂತೆ ಕೇಳಿಸುವುದು ಇದೇ ಕಾರಣಕ್ಕೆ, ದೆವ್ವದ ಕಾಟವಲ್ಲ. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಹಾಕುವುದು ಕ್ಷೇಮ. ಟೇಪ್‌ರೆಕಾರ್ಡರಿನ ಇಯರ್‌ಫೋನ್ ರಂಧ್ರದಿಂದ ಕಂಪ್ಯೂಟರಿಗೆ ಒಂದು ತಂತಿ ಎಳೆದರೆ ಹಾಡನ್ನು ನಕಲು ಮಾಡಿಕೊಳ್ಳಬಹುದು. ಅವಸರ ಕೂಡದು, ಅರ್ಧ ಗಂಟೆಯ ಹಾಡಿಗೆ ಅರ್ಧ ಗಂಟೆಯೇ ಬೇಕು.

ಕೆಂಗೇರಿಯಲ್ಲೋ ಬಸವೇಶ್ವರನಗರದಲ್ಲೋ ಇರುವ ಅಜ್ಜಿಯರ ನೆನಪಿನಲ್ಲಿ ಮಾತ್ರ ಉಳಿದಿರುವ, ಯಾವ ಆಲ್ಬಂನಲ್ಲೂ ಇಲ್ಲದ ಹಾಡುಗಳಿಗೆ ಮೊಬೈಲೇ ಸಾಕು. ಫ್ಯಾನ್ ನಿಲ್ಲಿಸಿ, ಫ್ರಿಜ್ ಇರುವ ಕೋಣೆ ಬಿಟ್ಟು, ಬಟ್ಟೆಯ ಬೀರು ಇರುವ ಕೋಣೆಯಲ್ಲಿ ಕೂರಿಸಬೇಕು. ಮೊಬೈಲನ್ನು ಮಡಿಸಿದ ಟವೆಲಿನ ಮೇಲೆ, ಬಾಯಿಂದ ಒಂದೂವರೆ ಅಡಿ ದೂರದಲ್ಲಿ, ನೇರ ಎದುರಿಗಲ್ಲದೆ ಕೊಂಚ ಪಕ್ಕಕ್ಕೆ ಇಟ್ಟರೆ ಉಸಿರು ಮೈಕಿಗೆ ಬಡಿಯುವುದಿಲ್ಲ. ಮೊದಲು ಹಾಡಿನ ಮಾತುಗಳನ್ನು ನಿಧಾನವಾಗಿ ಓದಿಸಿ, ಆಮೇಲೆ ಹಾಡಿಸಬೇಕು. ಮಧ್ಯೆ ಅಜ್ಜಿ ಮರೆತು ನಿಂತರೆ ಮುದ್ರಣ ನಿಲ್ಲಿಸಬಾರದು. ಕೆಲವೊಮ್ಮೆ ಒಂದು ನಿಮಿಷ ಕಾದರೆ ಮುಂದಿನ ಚರಣ ತಾನಾಗಿ ಬರುತ್ತದೆ.